ಹಿತ್ತಿಲ ಬಾಗಿಲ ದೇವಿ

“ಮತ್ತೆ ಎಬ್ಬಿಸಿತು ನೋಡಿ ಬುದ್ಧಿ. ಕೂತು ಮೂರು ಗರಿ ಹೆಣೆದಿಲ್ಲ, ಅಷ್ಟರಲ್ಲಿ ಎಬ್ಬಿಸಿತು. ಇದು ಹುಟ್ಟಿರುವುದೇ ನನ್ನನ್ನು ಎಬ್ಬಿಸಲಿಕ್ಕೆ.”

ಹೀಗೆ ಹೇಳುತ್ತ ಚಿಕ್ಕತಾಯಿ ಅಂಗಳದ ಮಣ್ಣು ತಿನ್ನುತ್ತಿದ್ದ ಕೂಸನ್ನು ಎತ್ತಿಕೊಂಡು ಬಂದು, ಅದರ ಬಾಯಿ ಒರೆಸಿ, ಗುರುಗಳ ಎದುರು ಜಗಲಿಯ ಮೇಲೆ ಮತ್ತೆ ಕೂತಳು. ಅವಳ ಮುಂದೆ ಅರ್ಧ ಹೆಣೆದ ಈಚಲು ಬುಟ್ಟಿ ಇತ್ತು. ಹೋದ ವಾರ ಅದೇ ಜಾಗದಲ್ಲಿ ಮಣಿಸರ ಇತ್ತು. ಅದಕ್ಕೂ ಹಿಂದೆ ಒಂದು ಸೋರೆಬುರುಡೆ ಇತ್ತು. ಅದರ ಮೇಲೆ ಕಾದ ಕಡ್ಡಿಯಿಂದ ನವಿಲು ಬರೆಯುತ್ತಿದ್ದಳು. ಆ ನವಿಲಿಗೆ ಇನ್ನೂ ಕಾಲು ಬಂದಿರಲಿಲ್ಲ.

ಗುರುಗಳು ನಕ್ಕರು. “ಏನೋ ಕೇಳಬೇಕೆಂದು ಬಂದೆಯಲ್ಲ, ಅದನ್ನು ಕೇಳು ತಾಯಿ.”

“ಅದನ್ನೇ ಕೇಳುತ್ತಿದ್ದೇನೆ ಬುದ್ಧಿ. ನನಗೆ ಕಂಡದ್ದೆಲ್ಲ ಬೇಕು. ಬುಟ್ಟಿ ನೋಡಿದರೆ ಬುಟ್ಟಿ ಬೇಕು, ಮಡಕೆ ನೋಡಿದರೆ ಮಡಕೆ ಬೇಕು. ಗೀಜಗನ ಗೂಡು ಕಂಡರೆ ಅದು ಮೊದಲ ಗಂಟು ಎಲ್ಲಿ ಹಾಕಿತು ಎಂದು ತಿಳಿಯುವ ತನಕ ಅನ್ನ ಇಳಿಯುವುದಿಲ್ಲ. ನಮ್ಮತ್ತೆ, ‘ನಿನ್ನದು ಹತ್ತು ಮನೆಯ ಬೆಕ್ಕಿನ ಬಾಳು, ಯಾವ ಮನೆಯಲ್ಲೂ ಹೊಟ್ಟೆ ತುಂಬದು’ ಅನ್ನುತ್ತಾರೆ. ಅವರು ಹೇಳುವ ನೂರರಲ್ಲಿ ನಿಜವಾದ ಮಾತು ಅದೊಂದೇ. ಸರಿ, ಒಂದನ್ನೇ ಹಿಡಿದು ಕೂರೋಣವೆಂದರೆ ಈ ಕೂಸು ಬಿಡುವುದಿಲ್ಲ. ಅಡ್ಡಿ ಇಲ್ಲದ ಒಂದು ತಿಂಗಳು ಸಿಕ್ಕರೆ ನಾನೂ ಒಂದು ವಿದ್ಯೆಯಲ್ಲಿ ಗಟ್ಟಿಯಾಗುತ್ತೇನೆ. ನನಗೆ ಆ ತಿಂಗಳು ಯಾವಾಗ ಸಿಗುತ್ತದೆ?”

ಗುರುಗಳು ಅರ್ಧ ಹೆಣೆದ ಬುಟ್ಟಿಯನ್ನು ಒಮ್ಮೆ ನೋಡಿದರು. ಆಮೇಲೆ, “ಅಂಥ ತಿಂಗಳು ಸಿಕ್ಕಿದ್ದ ಒಬ್ಬಳ ಕತೆ ಹೇಳುತ್ತೇನೆ, ಕೇಳು” ಎಂದರು.

“ಸಿಕ್ಕಿತೇ? ಪುಣ್ಯವಂತೆ” ಎಂದು ಚಿಕ್ಕತಾಯಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ತೊಗಲು ಗೊಂಬೆ ಆಡಿಸುವ ಮನೆತನವೊಂದಿತ್ತು. ಆಡಿನ ತೊಗಲನ್ನು ಕೆರೆದು ತೆಳ್ಳಗೆ ಮಾಡುವುದು, ಅದರಲ್ಲಿ ಉಳಿಯಿಂದ ತೂತು ಕೊರೆಯುವುದು, ಬಣ್ಣ ಹಚ್ಚುವುದು ಅವರ ಕಸುಬು. ಬಿಳಿಯ ಪರದೆ, ಪರದೆಯ ಹಿಂದೆ ಗೊಂಬೆ, ಗೊಂಬೆಯ ಹಿಂದೆ ದೀಪ. ಬೆಳಕು ತೊಗಲನ್ನು ದಾಟಿ ಬಂದರೆ ಗೊಂಬೆಗೆ ಜೀವ. ಬಾರದಿದ್ದರೆ ಅದು ಸತ್ತ ಆಡಿನ ಚರ್ಮ.

ಆ ಮನೆಯಲ್ಲಿ ಒಂದು ನೇಮವಿತ್ತು. ಮೇಳದ ಗೊಂಬೆಗಳಲ್ಲಿ ದೊಡ್ಡದು ದೇವಿಯ ಗೊಂಬೆ. ದೇವಿ ಪರದೆಗೆ ಬಾರದೆ ಆಟ ಶುರುವಾಗುವಂತಿಲ್ಲ. ದೇವಿ ಹಳತಾಗಿ ಹರಿದರೆ ಹೊಲಿಯುವಂತಿಲ್ಲ, ಹೊಳೆಗೆ ಬಿಡಬೇಕು. ಹೊಸ ದೇವಿಯನ್ನು ಕೊರೆದವರಿಗೆ ಮನೆಯ ಉಳಿಗಂಟು ಸಲ್ಲಬೇಕು. ಅಜ್ಜ ಮುತ್ತಜ್ಜರ ಉಳಿಗಳೆಲ್ಲ ಆ ಗಂಟಿನಲ್ಲಿದ್ದವು. ಗಂಟು ಯಾರ ಕೈಯಲ್ಲಿದೆಯೋ ಅವರು ಗೊಂಬೆ ಕೊರೆಯುವವರು. ಮಿಕ್ಕವರು ಅವರಿಗೆ ಬಣ್ಣ ಅರೆದುಕೊಡುವವರು.

ಮನೆಯ ಹಿರಿಯನಿಗೆ ವಯಸ್ಸಾಯಿತು. ಕಣ್ಣು ಮಂಜಾಯಿತು. ಅದೇ ವರ್ಷ ದೇವಿಯ ಗೊಂಬೆ ಕುತ್ತಿಗೆಯ ಹತ್ತಿರ ಹರಿಯಿತು. ಆಟ ನಿಂತಿತು. ಹಿರಿಯನು ದೊಡ್ಡ ಮಗನನ್ನು ಕರೆದು, “ಹದ ಮಾಡಿದ ತೊಗಲು ಎರಡಿವೆ. ಒಂದನ್ನು ತೆಗೆದುಕೋ. ಒಂದು ತಿಂಗಳಲ್ಲಿ ದೇವಿ ಆಗಬೇಕು” ಎಂದ.

ಅಲ್ಲೇ ಬಣ್ಣ ಅರೆಯುತ್ತಿದ್ದ ಕಿರಿಸೊಸೆ ಕೈ ನಿಲ್ಲಿಸಿ, “ಇನ್ನೊಂದು ತೊಗಲು ನನಗಿರಲಿ ಮಾವ” ಎಂದಳು.

ಆ ಮನೆಯಲ್ಲಿ ಹೆಂಗಸರು ಉಳಿ ಹಿಡಿಯಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಅವರ ಕೈಗೆ ಉಳಿ ಕೊಟ್ಟೂ ಇರಲಿಲ್ಲ. ಕಿರಿಸೊಸೆ ಮಾತ್ರ ಮುರಿದ ಮೊಳೆಗಳನ್ನು ಕಲ್ಲಿಗೆ ಮಸೆದು ಉಳಿ ಮಾಡಿಕೊಂಡು, ಮಿಕ್ಕ ತೊಗಲಿನ ಚೂರುಗಳಲ್ಲಿ ಏನಾದರೂ ಕೊರೆಯುತ್ತಲೇ ಇದ್ದಳು.

“ನೀನು ಇದುವರೆಗೆ ಒಂದು ಗೊಂಬೆಯನ್ನೂ ಮುಗಿಸಿಲ್ಲವಲ್ಲ” ಎಂದ ಹಿರಿಯ.

“ಮುಗಿಸಿಲ್ಲ ಮಾವ. ಆದರೆ ಮೂವತ್ತು ಶುರು ಮಾಡಿದ್ದೇನೆ.”

ಚಿಕ್ಕತಾಯಿ ಇಲ್ಲಿ ತಡೆದಳು. “ಅವಳು ಯಾವ ಊರಿನವಳು ಬುದ್ಧಿ? ನನಗೆ ಸಂಬಂಧ ಇರಬೇಕು.”

“ಇರಬಹುದು” ಎಂದು ಗುರುಗಳು ಮುಂದುವರಿಸಿದರು.

ಹಿರಿಯನಿಗೆ ಆ ಉತ್ತರ ಕೇಳಿ ನಗು ಬಂತು. ನಕ್ಕ ಮೇಲೆ ಇಲ್ಲವೆನ್ನಲು ಆಗಲಿಲ್ಲ. ಎರಡನೆಯ ತೊಗಲನ್ನು ಅವಳಿಗೆ ಕೊಟ್ಟ.

ದೊಡ್ಡ ಮಗ ತನ್ನ ತೊಗಲನ್ನು ಹಿಡಿದು ಮೂಲೆಯ ಕೋಣೆಗೆ ಹೋದ. ಒಳಗಿನಿಂದ ಅಗುಳಿ ಹಾಕಿಕೊಂಡ. ಯಾರೂ ಕರೆಯಬಾರದು, ಯಾರೂ ತಟ್ಟಬಾರದು ಎಂದ. ಅವನ ಹೆಂಡತಿ ಅನ್ನದ ತಟ್ಟೆಯನ್ನು ಬಾಗಿಲ ಮುಂದಿಟ್ಟು ಒಂದು ಸಲ ಕೆಮ್ಮಿ ಹೋಗುತ್ತಿದ್ದಳು. ಅವನ ಕೈ ಸಾಮಾನ್ಯದ ಕೈಯಲ್ಲ. ದೇವಿಯ ರೆಪ್ಪೆಯ ಒಂದೊಂದು ಕೂದಲನ್ನೂ ಕೊರೆದ. ಮೂಗುತಿಗೆ ಏಳು ತೂತು ಇಟ್ಟ, ಒಂದೊಂದೂ ಸೂಜಿಮೊನೆಯಷ್ಟು. ತೊಗಲನ್ನು ಮಣೆಯ ಮೇಲೆ ಹಾಸಿ, ದೀಪವನ್ನು ಪಕ್ಕದಲ್ಲಿಟ್ಟುಕೊಂಡು, ಬಗ್ಗಿಸಿದ ತಲೆ ಎತ್ತದೆ ಕೆಲಸ ಮಾಡಿದ. ಕೆಂಪು ಸಾಲದೆನಿಸಿದರೆ ಕೆಂಪಿನ ಮೇಲೆ ಕೆಂಪು ಹಚ್ಚಿದ. ಹಸಿರು ಸಾಲದೆನಿಸಿದರೆ ಹಸಿರಿನ ಮೇಲೆ ಹಸಿರು.

ಕಿರಿಸೊಸೆಗೆ ಕೋಣೆಯೂ ಇರಲಿಲ್ಲ, ಅಗುಳಿಯೂ ಇರಲಿಲ್ಲ. ಹಿತ್ತಿಲ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತಳು. ಅವಳಿಗೆ ಎರಡು ವರ್ಷದ ಕೂಸು. ಅದು ಓಡಲು ಕಲಿತಿತ್ತು, ನಿಲ್ಲಲು ಕಲಿತಿರಲಿಲ್ಲ. ಅವಳ ಉಳಿಗೆ ನಾಲ್ಕು ಏಟು ಬೀಳುವಷ್ಟರಲ್ಲಿ ಅದು ಬೀದಿಬಾಗಿಲು ದಾಟಿರುತ್ತಿತ್ತು. ಅವಳು ಹಿಂದೆ ಓಡಬೇಕು. ಹಾಗೆಂದು ತೊಗಲನ್ನು ನೆಲದ ಮೇಲೆ ಬಿಟ್ಟು ಓಡುವಂತಿಲ್ಲ. ಬೀದಿಯ ನಾಯಿಗಳಿಗೆ ಆಡು ಯಾರು, ದೇವಿ ಯಾರು ಎಂಬ ಭೇದವಿಲ್ಲ. ಆದ್ದರಿಂದ ಎದ್ದಾಗಲೆಲ್ಲ ತೊಗಲನ್ನು ಹಿತ್ತಿಲ ಬಾಗಿಲ ಮೇಲಿನ ಗೂಟಕ್ಕೆ ನೇತುಹಾಕಿ ಓಡುತ್ತಿದ್ದಳು.

ಕೂಸು ಒಂದು ದಿನ ಬುಟ್ಟಿ ಹೆಣೆಯುವವಳ ಮನೆಗೆ ನುಗ್ಗುತ್ತಿತ್ತು. ಇನ್ನೊಂದು ದಿನ ಅರಗಿನ ಬಳೆ ಮಾಡುವವನ ಒಲೆಯ ಹತ್ತಿರ ಹೋಗುತ್ತಿತ್ತು. ಕರೆತರಲು ಹೋದ ತಾಯಿ ಕೂಸಿಗಿಂತ ತಡವಾಗಿ ಮನೆಗೆ ಬಂದದ್ದೂ ಉಂಟು. ಬುಟ್ಟಿಯವಳು ಮೊರ ಹೆಣೆಯುತ್ತಿದ್ದರೆ, ಯಾವ ಸೀಳು ಯಾವುದರ ಕೆಳಗೆ ಹೋಗುತ್ತದೆ ಎಂದು ಬೆರಳಿಟ್ಟು ನೋಡುವಳು. ಬಳೆಯವನು ಅರಗನ್ನು ಕೆಂಡದ ಮೇಲೆ ಕಾಯಿಸಿ, ಮಣೆಯ ಮೇಲೆ ಹೊಸೆದು, ಬತ್ತಿಯಂತೆ ಎಳೆದು, ದುಂಡಗೆ ಬಗ್ಗಿಸಿ ಎರಡು ತುದಿ ಬೆಸೆಯುತ್ತಿದ್ದ. ಬೆಸೆದ ಜಾಗಕ್ಕೆ ಒಂದು ಕನ್ನಡಿ ಚೂರು ಒತ್ತುತ್ತಿದ್ದ.

“ಕನ್ನಡಿ ಅಲ್ಲೇ ಯಾಕಣ್ಣ?” ಎಂದು ಅವಳು ಕೇಳಿದಳು.

“ಬೆಸುಗೆ ಕಾಣಬಾರದಲ್ಲವ್ವ. ಎಲ್ಲಿ ಜೋಡಿಸಿದೀನೋ ಅಲ್ಲೇ ಹೊಳಪು ಇಡೋದು. ನೋಡೋರು ಹೊಳಪು ನೋಡ್ತಾರೆ.” ಆಮೇಲೆ ಅವನೂ ಕೇಳಿದ, “ಮನೇಲಿ ದೇವಿ ಕೊರೆಯೋದು ಬಿಟ್ಟು ನೀನು ಇಲ್ಲಿ ಬಂದು ನಿಂತಿದ್ದೀಯಲ್ಲ?”

“ನಾನೆಲ್ಲಿ ಬಂದೆ? ಈ ಕೂಸು ಎಳೆದುಕೊಂಡು ಬಂತು. ಇಲ್ಲದಿದ್ದರೆ ನನಗೆಲ್ಲಿದೆ ಬಿಡುವು” ಎಂದಳು ಅವಳು. ಮನೆಗೆ ಬಂದು, ದೇವಿಯ ತೋಳನ್ನು ಭುಜಕ್ಕೆ ಕಟ್ಟುವ ಸಂದಿನಲ್ಲಿ ತೂತುಗಳ ಒಂದು ಹೂವು ಕೊರೆದಳು.

ಓರಗಿತ್ತಿ ಇದನ್ನೆಲ್ಲ ನೋಡುತ್ತಿದ್ದಳು. “ನಿನ್ನ ದೇವಿ ಮುಗಿಯೋ ಹೊತ್ತಿಗೆ ನಿನ್ನ ಕೂಸಿಗೆ ಮದುವೆ ಆಗಿರುತ್ತೆ” ಎಂದಳು.

“ಆಗಲಿ ಬಿಡಕ್ಕ. ಹರಸಲು ದೇವಿಯನ್ನೇ ಕರೆಸುತ್ತೇನೆ.”

ಬಾಯಲ್ಲಿ ಹಾಗೆಂದರೂ ಅವಳಿಗೆ ಒಳಗೆ ಅಳುಕಿತ್ತು. ಮೂಲೆಯ ಕೋಣೆಯಲ್ಲಿ ಉಳಿಯ ಸದ್ದು ನಿಲ್ಲುತ್ತಲೇ ಇರಲಿಲ್ಲ. ತನ್ನ ಉಳಿಯ ಸದ್ದು ಶುರುವಾಗುತ್ತಲೇ ಇರಲಿಲ್ಲ. ಉಳಿಗಂಟು ಭಾವನ ಕೈಗೆ ಹೋದರೆ ಬದುಕೆಲ್ಲ ಬಣ್ಣ ಅರೆಯುವುದೇ ಎಂದು ಅವಳಿಗೆ ಗೊತ್ತಿತ್ತು.

ಆದರೆ ಒಂದು ಸಂಗತಿ ನಡೆಯುತ್ತಿತ್ತು. ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಬೀದಿಬಾಗಿಲಿನಿಂದ ಒಳಗೆ ಕಾಲಿಡುತ್ತಿದ್ದಂತೆ, ಕತ್ತಲ ನಡುಮನೆಯ ಆಚೆಗೆ, ಹಿತ್ತಿಲ ಬಿಸಿಲಿಗೆ ಎದುರಾಗಿ ದೇವಿ ನೇತಾಡುತ್ತಿದ್ದಳು. ಅಯ್ಯೋ, ಕೆನ್ನೆಗೆ ಬಣ್ಣ ಹೆಚ್ಚಾಯಿತು ಎಂದುಕೊಂಡು ಕೂತೊಡನೆ ಕೆರೆಯುತ್ತಿದ್ದಳು. ಕಿರೀಟದ ತೂತು ಒತ್ತಾಯಿತು, ಕಣ್ಣಿನ ತೂತು ಸಣ್ಣದಾಯಿತು ಎಂದು ತಿದ್ದುತ್ತಿದ್ದಳು. ದಿನಕ್ಕೆ ಹತ್ತು ಸಲ ಎದ್ದಳು. ದಿನಕ್ಕೆ ಹತ್ತು ಸಲ ನೋಡಿದಳು.

ತಿಂಗಳು ತುಂಬಿತು. ದೊಡ್ಡ ಮಗ ಕೋಣೆಯಿಂದ ಹೊರಗೆ ಬಂದ. ಅವನ ದೇವಿಯನ್ನು ಜಗಲಿಯ ಮೇಲೆ ಹಾಸಿದಾಗ ಊರಿನ ಜನ ಉಸಿರು ಬಿಡಲು ಮರೆತರು. ಅಂಥ ಕೆಂಪನ್ನು, ಅಂಥ ಹಸಿರನ್ನು ಅವರು ಕಂಡಿರಲಿಲ್ಲ. ಕಿರಿಸೊಸೆ ತನ್ನದನ್ನು ಪಕ್ಕದಲ್ಲಿ ಹಾಸಿದಳು. ಬಣ್ಣ ತೆಳ್ಳಗೆ, ತೂತು ದೊಡ್ಡ ದೊಡ್ಡದು, ಸೀರೆಗೆ ಅಂಚೇ ಇಲ್ಲ. ಮೊಣಕೈಯ ಹತ್ತಿರ ಯಾರೋ ತೊಗಲನ್ನು ಕಡಿದ ಗುರುತು. ಓರಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ದೀಪ ಹಚ್ಚುವ ಹೊತ್ತಿಗೆ ಹಿರಿಯ ಪರದೆ ಕಟ್ಟಿಸಿದ. ತಾನು ಜನರ ನಡುವೆ ಹೋಗಿ ಕೂತ.

ಮೊದಲು ದೊಡ್ಡ ಮಗನ ದೇವಿ ಪರದೆಗೆ ಬಂದಳು. ಪರದೆಯ ಮೇಲೆ ಒಂದು ಕಪ್ಪು ಆಕಾರ ನಿಂತಿತು. ಕೆಂಪಿಲ್ಲ, ಹಸಿರಿಲ್ಲ. ಬಣ್ಣದ ಮೇಲೆ ಬಣ್ಣ ಕೂತು ತೊಗಲು ಬೆಳಕನ್ನು ಬಿಡಲಿಲ್ಲ. ಸೂಜಿಮೊನೆಯಂಥ ತೂತುಗಳು ಬಣ್ಣ ತುಂಬಿ ಮುಚ್ಚಿಹೋಗಿದ್ದವು. ಬೆಳಕಿಗೆ ಹಿಡಿದು ನೋಡಬೇಕೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅವನು ಹುಟ್ಟಿ ಬೆಳೆದದ್ದೇ ಪರದೆಯ ಹಿಂದೆ. ಮುಗಿದ ಮೇಲೆ ನೋಡೋಣ ಎಂದುಕೊಂಡಿದ್ದ. ಒಂದು ತಿಂಗಳಲ್ಲಿ ಅವನನ್ನು ಎಬ್ಬಿಸುವವರು ಯಾರೂ ಇರಲಿಲ್ಲ.

ಕತ್ತಲಲ್ಲಿ ಅವನ ಹೆಂಡತಿಯ ದನಿಯೇ ಮೊದಲು ಕೇಳಿತು. “ಇರಲಿ ಬಿಡಿ. ಕಾಳಿ ಬೇಕಾದಾಗ ಹೊಸದು ಮಾಡೋ ಕೆಲಸ ತಪ್ಪಿತು.” ಎಲ್ಲರೂ ನಕ್ಕರು. ಪರದೆಯ ಹಿಂದೆ ದೊಡ್ಡ ಮಗನೂ ನಕ್ಕ.

ಆಮೇಲೆ ಕಿರಿಸೊಸೆಯ ದೇವಿ ಬಂದಳು.

“ಯಾರದು ಬಾಗಿಲು ತೆಗೆದದ್ದು?” ಎಂದ ಹಿರಿಯ. ಅವನ ಮಂಜುಗಣ್ಣಿಗೂ ಅಷ್ಟು ಬೆಳಕು ಬಿದ್ದಿತ್ತು.

ದೇವಿ ಉರಿಯುತ್ತ ನಿಂತಿದ್ದಳು. ಬುಟ್ಟಿ ಹೆಣೆಯುವವಳು ಎದ್ದು ನಿಂತು, “ಅದು ನನ್ನ ಮೊರದ ಹೆಣಿಗೆ. ಕಳ್ಳಿ, ಅದನ್ನು ಒಯ್ದು ದೇವಿಯ ಸೊಂಟಕ್ಕೆ ಡಾಬು ಮಾಡಿದ್ದಾಳೆ” ಎಂದಳು. ಬಳೆಯವನು, “ಭುಜ ನೋಡಿ, ಭುಜ ನೋಡಿ, ಸಂದು ಎಲ್ಲಿದೆ ಹೇಳಿ ನೋಡೋಣ” ಎಂದು ಪಕ್ಕದವನ ಬೆನ್ನು ತಟ್ಟಿದ. ಒಬ್ಬೊಬ್ಬರೂ ತಮ್ಮದೊಂದನ್ನು ದೇವಿಯ ಮೈಮೇಲೆ ಹುಡುಕಿ ತೆಗೆದರು. ಮೊಣಕೈಯಲ್ಲಿ ಸಾಲಾಗಿ ಹೊಳೆಯುವ ನಾಲ್ಕು ಮುತ್ತು ಯಾರ ಕೈಕೆಲಸವೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

“ಅದು ನನ್ನ ಕೂಸಿನ ಹಲ್ಲು” ಎಂದಳು ಅವಳು ಪರದೆಯ ಹಿಂದಿನಿಂದ.

ಆ ದಿನ ಆ ಊರಿನಲ್ಲಿ ಆಟವಿರಲಿಲ್ಲ. ಆದರೂ ಆಟ ನೋಡಿದಷ್ಟೇ ಹೊತ್ತು ಜನ ಕೂತರು. ಬರೀ ನಗುವುದು, ಬೆರಳು ಮಾಡುವುದು, ಮತ್ತೆ ನಗುವುದು.

ಜನ ಎದ್ದು ಹೋದ ಮೇಲೆ ಹಿರಿಯ ಹೇಳಿದ: “ಬೆಳಕು ಬಂತು. ಆದರೆ ಅಂಚಿಲ್ಲದ ಸೀರೆಯಲ್ಲಿ ದೇವಿಯನ್ನು ನಿಲ್ಲಿಸಿ ನಾನು ಆಟ ಶುರು ಮಾಡುವುದಿಲ್ಲ. ಇನ್ನೊಂದು ತಿಂಗಳು ಕೊಡುತ್ತೇನೆ. ಇವನು ತನ್ನ ಬಣ್ಣ ಕೆರೆಯಲಿ. ನೀನು ನಿನ್ನ ಅಂಚು ಮುಗಿಸು. ಯಾರದು ಪೂರ್ತಿಯಾಗುತ್ತದೋ ಅವರಿಗೆ ಗಂಟು. ಮುಗಿಸದವರ ಕೈಗೆ ಮನೆಯ ಉಳಿ ಕೊಡಲಾರೆ.”

ಅವಳ ಮುಖ ಸಣ್ಣದಾಯಿತು. ಶುರು ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮುಗಿಸುವ ಮಾತು ಬಂದಾಗ ಕಾಲಿಲ್ಲದ ಮೂವತ್ತು ಗೊಂಬೆಗಳು ಕಣ್ಣ ಮುಂದೆ ಬಂದು ನಿಂತವು. “ಈ ಕೂಸು ಬಿಟ್ಟರೆ ಮುಗಿಸುತ್ತೇನೆ ಮಾವ” ಎಂದಳು.

ಓರಗಿತ್ತಿ ನಾಲಿಗೆಯಲ್ಲಿ ಮುಳ್ಳಿದ್ದರೂ ಮನಸ್ಸಿನಲ್ಲಿ ಮುಳ್ಳಿದ್ದವಳಲ್ಲ. “ಕೂಸನ್ನು ನಾನು ತವರಿಗೆ ಕರೆದುಕೊಂಡು ಹೋಗ್ತೀನಿ. ಅಲ್ಲಿ ನಮ್ಮಮ್ಮ ಇದ್ದಾಳೆ, ಹಸು ಇದೆ, ಓಡಲು ಕಣ ಇದೆ. ಇಡೀ ತಿಂಗಳು ಇಟ್ಟುಕೊಳ್ತೀನಿ. ಆಮೇಲೆ ಕೂಸಿನ ನೆಪ ಹೇಳಿದರೆ ಕೇಳೋದಿಲ್ಲ” ಎಂದಳು.

ಭಾವ ಜಗಲಿಯಲ್ಲಿ ಕೂತು ಬಣ್ಣ ಕೆರೆಯಲು ಮೊದಲಿಟ್ಟ. ತನ್ನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟ. “ಅಗುಳಿ ಗಟ್ಟಿಯಾಗಿದೆಯಮ್ಮ. ನಾನು ತಿಂಗಳೆಲ್ಲ ಪರೀಕ್ಷೆ ಮಾಡಿದ್ದೇನೆ” ಎಂದ.

ಹೀಗೆ ಅವಳಿಗೆ ಅಡ್ಡಿ ಇಲ್ಲದ ತಿಂಗಳು ಸಿಕ್ಕಿತು.

ಮೊದಲನೆಯ ದಿನ ಅವಳು ಅಗುಳಿ ಹಾಕಿಕೊಂಡು ನಿದ್ದೆ ಮಾಡಿದಳು. ಅದರಲ್ಲಿ ತಪ್ಪೇನಿಲ್ಲ. ಕೂಸು ಹುಟ್ಟಿದ ಮೇಲೆ ಅವಳು ಪೂರ್ತಿ ನಿದ್ದೆ ಕಂಡಿರಲಿಲ್ಲ.

ಎರಡನೆಯ ದಿನ ಉಳಿಗಳನ್ನೆಲ್ಲ ಮಸೆದಳು. ತೊಗಲನ್ನು ಹಾಸಿದಳು. ಅಂಚಿಗೆ ಬಳ್ಳಿ ಕೊರೆಯೋಣವೆಂದುಕೊಂಡಳು. ಅದು ಹಳೆಯ ದೇವಿಯ ಅಂಚಿನಲ್ಲಿತ್ತು. ಹಂಸ ಕೊರೆಯೋಣವೆಂದುಕೊಂಡಳು, ಅದು ಎಲ್ಲ ದೇವಿಯರ ಅಂಚಿನಲ್ಲೂ ಇತ್ತು. ಯಾರೂ ಕರೆಯಲಿಲ್ಲ. ಯಾರೂ ಅಳಲಿಲ್ಲ. ಯಾರೂ ಸೆರಗು ಎಳೆಯಲಿಲ್ಲ. ಸಂಜೆಯವರೆಗೆ ಕೂತಳು. ಒಂದು ತೂತೂ ಬೀಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಗುಳಿ ತೆಗೆದಳು. ನೀರು ಕುಡಿದು ಬರೋಣವೆಂದು ಎದ್ದಳು. ತೊಗಲನ್ನು ಹಿತ್ತಿಲ ಬಾಗಿಲ ಗೂಟಕ್ಕೆ ನೇತುಹಾಕಿದಳು. ನೀರಿನ ಕೊಡ ಅಡುಗೆಮನೆಯಲ್ಲಿತ್ತು. ಅವಳು ಅಡುಗೆಮನೆಯನ್ನು ದಾಟಿದಳು. ಜಗಲಿ ದಾಟಿದಳು. ಬೀದಿಬಾಗಿಲು ದಾಟಿದಳು.

ಹೊತ್ತು ನೆತ್ತಿಗೆ ಬಂದಾಗ ಬಳೆಯವನು ಒಲೆಯಿಂದ ತಲೆ ಎತ್ತಿದ. ಎದುರಿಗೆ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಆರಲು ಇಟ್ಟಿದ್ದ ಬಳೆಗಳು ಒಂದರ ಮೇಲೊಂದು ಬಾಗಿ ಬಿದ್ದಿದ್ದವು. ಅವಳು ಅವುಗಳನ್ನೇ ನೋಡುತ್ತ, ಬೆರಳಿನಿಂದ ನೆಲದ ಬೂದಿಯಲ್ಲಿ ಒಂದು ದುಂಡು ಬರೆದು, ಅದರೊಳಗೆ ಸಿಕ್ಕಿಸಿ ಇನ್ನೊಂದು ದುಂಡು ಬರೆಯುತ್ತಿದ್ದಳು. ಅವಳ ಮುಖದಲ್ಲಿ ನಗುವಿತ್ತು. ಬೆಳಗಿನಿಂದ ಅಲ್ಲೇ ಇದ್ದಳೆಂಬುದು ಅವಳಿಗೂ ತಿಳಿದಂತಿರಲಿಲ್ಲ.

ಬಳೆಯವನು ಅವಳ ಹಿಂದೆ ನೋಡಿದ. ಪಕ್ಕದಲ್ಲಿ ನೋಡಿದ. ಬೀದಿಯ ಆ ತುದಿಯವರೆಗೆ ನೋಡಿದ.

“ಅಲ್ಲವ್ವ, ಇವತ್ತು ಕೂಸು ಎಲ್ಲಿ?” ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಚಿಕ್ಕತಾಯಿ ಕಾದಳು. ಗುರುಗಳು ಮುಂದೆ ಹೇಳುವಂತೆ ಕಾಣಲಿಲ್ಲ. “ಇದೇನು ಬುದ್ಧಿ, ಊಟಕ್ಕೆ ಕೂರಿಸಿ ಎಲೆ ತೆಗೆದ ಹಾಗಾಯಿತು. ಅಂಚು ಮುಗಿಯಿತೋ ಇಲ್ಲವೋ?”

“ಮುಗಿಯಿತು. ಹೇಳಿದ ದಿನಕ್ಕೆ ಮೊದಲೇ. ಒಂದರೊಳಗೊಂದು ಸಿಕ್ಕಿಸಿದ ಬಳೆಗಳ ಅಂಚು.”

“ಉಳಿಗಂಟು?”

“ಅವಳಿಗೇ ಬಂತು. ಹಳೆಯ ದೇವಿ ಹೊಳೆಗೆ ಹೋದಳು, ಹೊಸ ದೇವಿ ಪರದೆಗೆ ಬಂದಳು. ಮೊದಲ ಆಟಕ್ಕೆ ಭಾವನೇ ದೀಪ ಹಿಡಿದ.”

“ಅದು ಸರಿ” ಎಂದಳು ಚಿಕ್ಕತಾಯಿ. ಅವಳ ಕಣ್ಣು ಹೊಳೆಯುತ್ತಿತ್ತು. “ಆ ಬಳೆಯವನು ಕೇಳಿದನಲ್ಲ, ಅವನಿಗೆ ಅವಳು ಏನೆಂದಳು?”

ಊರಿನಲ್ಲಿ ಯಾರು ಏನು ಕೇಳಿದರೂ ಅವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದವಳು ಚಿಕ್ಕತಾಯಿ. ಆದರೆ ಆ ಮಧ್ಯಾಹ್ನ ಗುರುಗಳು ಕೇಳಿದ ಒಂದೇ ಮಾತಿಗೆ ಅವಳು ಬಾಯಿ ತೆರೆದಳು, ಕೂಸಿನ ಕಡೆ ನೋಡಿದಳು, ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು. ಗುರುಗಳು ಕೇಳಿದ್ದು ಇಷ್ಟೇ:

“ನೀನಾಗಿದ್ದರೆ ಏನು ಹೇಳುತ್ತಿದ್ದೆ, ತಾಯಿ?”